ಬೋರ್ ಮೋಟರ್ ಬಲ್ಲವರಿಗೆ ಎಲೆಕ್ಟ್ರಿಕ್ ಕಾರು

ಹೊಸದಾಗಿ ಇಳಿಸಿದ ಬೋರ್ ಮೋಟರ್ ಓಡುತ್ತಿದೆ, ಆದರೆ ನೀರು ಸರಿಯಾಗಿ ಏರುತ್ತಿಲ್ಲ ಎಂದರೆ ಮಕ್ತಲ ಸೀಮೆಯ ರೈತ ಮೊದಲು ಅನುಮಾನಿಸುವುದು ಒಂದನ್ನೇ: ಮೋಟರ್ ಉಲ್ಟಾ ತಿರುಗುತ್ತಿದೆ. ಮೇನ್ ಆಫ್ ಮಾಡಿ, ಮೂರು ಫೇಸಿನ ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಆಯಿತು, ನೀರು ಬರುತ್ತದೆ. ಎಲೆಕ್ಟ್ರಿಕ್ ಕಾರು ಹಿಂದಕ್ಕೆ ಹೋಗುವುದು ಇದೇ ಉಪಾಯದಿಂದ. ಅದರಲ್ಲಿ ರಿವರ್ಸ್‌ಗೆಂದೇ ಬೇರೆ ಗೇರ್ ಇರುವುದಿಲ್ಲ. ಚಾಲಕ ‘ಆರ್’ ಒತ್ತಿದಾಗ ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಮೂರು ಫೇಸುಗಳ ಸರದಿಯನ್ನು ಬದಲಿಸುತ್ತದೆ, ಮೋಟರ್ ಎದುರು ದಿಕ್ಕಿಗೆ ತಿರುಗುತ್ತದೆ.

ನಾರಾಯಣಪೇಟೆ, ಮಕ್ತಲ, ಗದ್ವಾಲದ ಕಡೆ ಈಗ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆನ್ನುವವರು ಕೇಳುವ ಮೊದಲ ಪ್ರಶ್ನೆ ಮೋಟರ್ ಬಗ್ಗೆಯೇ ಇರುತ್ತದೆ. ಸುಟ್ಟು ಹೋದರೆ? ಮಳೆಯಲ್ಲಿ ನೆನೆದರೆ? ಮೋಟರಿನ ಚಿಂತೆಯನ್ನು ಬಿಡಬಹುದು, ಅದು ಈ ಸೀಮೆಯವರಿಗೆ ತಲೆಮಾರಿನಿಂದ ಗೊತ್ತಿರುವ ವಸ್ತು. ಚಿಂತಿಸಬೇಕಾದದ್ದು ಮನೆಯ ಗೋಡೆಯಲ್ಲಿರುವ ಪ್ಲಗ್ ಪಾಯಿಂಟ್ ಮತ್ತು ಅದರ ಹಿಂದಿನ ಅರ್ಥಿಂಗ್ ಬಗ್ಗೆ. ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿ ಬರುತ್ತದೆ, ವಿದ್ಯುತ್ ಕಚೇರಿಯ ವ್ಯವಹಾರ ತೆಲುಗಿನಲ್ಲಿ ನಡೆಯುತ್ತದೆ. ಗಡಿಯ ಈ ಬದಿಯಲ್ಲಿ, ತೆಲಂಗಾಣದಲ್ಲಿ, ಕನ್ನಡ ಓದುವ ಮನೆಗಳಿಗೆ ಎರಡೂ ಸೇರಿದ ಮಾಹಿತಿ ಒಂದೆಡೆ ಸಿಗಲಿ ಎಂದು ಇದನ್ನು ಬರೆದಿದ್ದೇನೆ.

ಮೋಟರಿನ ಒಳಗೆ

ಪಂಪ್‌ಸೆಟ್ ಮೋಟರನ್ನು ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಟ್ಟಾಗ ಕಾಣುವುದು ಎರಡೇ ಮುಖ್ಯ ಭಾಗ. ಹೊರಗೆ ಅಲುಗಾಡದೆ ಕೂತಿರುವ ಸ್ಟೇಟರ್, ಒಳಗೆ ತಿರುಗುವ ರೋಟರ್. ಸ್ಟೇಟರಿನ ಸೀಳುಗಳಲ್ಲಿ ತಾಮ್ರದ ತಂತಿಯ ಸುರುಳಿಗಳು ಮೂರು ಗುಂಪಾಗಿ ಕೂತಿರುತ್ತವೆ, ಒಂದೊಂದು ಗುಂಪಿಗೆ ಒಂದೊಂದು ಫೇಸ್. ಮೂರು ಫೇಸುಗಳ ಕರೆಂಟ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಿಲ್ಲ. ಒಂದು ತುದಿ ಮುಟ್ಟಿ ಇಳಿಯುವಾಗ ಇನ್ನೊಂದು ಏರುತ್ತದೆ, ಅದರ ಹಿಂದೆ ಮೂರನೆಯದು. ಹೀಗಾಗಿ ಸುರುಳಿಗಳು ಹುಟ್ಟಿಸುವ ಅಯಸ್ಕಾಂತದ ಬಲ ಒಂದೆಡೆ ನಿಲ್ಲದೆ ಸುತ್ತ ತಿರುಗುತ್ತಲೇ ಇರುತ್ತದೆ. ರೋಟರ್ ಆ ತಿರುಗುವ ಬಲದ ಬೆನ್ನು ಹತ್ತುತ್ತದೆ. ಕರೆಂಟ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಬಹುದೆಂದು ಮೈಕೆಲ್ ಫ್ಯಾರಡೆ ತೋರಿಸಿದ್ದು 1821ರಲ್ಲಿ. ತಿರುಗುವ ಅಯಸ್ಕಾಂತ ಕ್ಷೇತ್ರದ ಮೋಟರಿಗೆ ನಿಕೋಲಾ ಟೆಸ್ಲಾ ಪೇಟೆಂಟ್ ಪಡೆದದ್ದು 1888ರಲ್ಲಿ. ಹೊಲದ ಮೋಟರಿಗೂ ಕಾರಿನ ಮೋಟರಿಗೂ ಇದೇ ಬೇರು.

ವ್ಯತ್ಯಾಸವಿರುವುದು ರೋಟರಿನಲ್ಲಿ. ಪಂಪಿನ ಇಂಡಕ್ಷನ್ ಮೋಟರಿನ ರೋಟರಿಗೆ ಹೊರಗಿನಿಂದ ಕರೆಂಟ್ ಕೊಡುವುದಿಲ್ಲ. ಸುತ್ತ ತಿರುಗುವ ಬಲವೇ ಅದರ ಲೋಹದ ಪಟ್ಟಿಗಳಲ್ಲಿ ಕರೆಂಟ್ ಹುಟ್ಟಿಸುತ್ತದೆ, ಹಾಗೆ ಹುಟ್ಟಿಸಲು ರೋಟರ್ ಯಾವಾಗಲೂ ತುಸು ಹಿಂದೆ ಬಿದ್ದಿರಬೇಕು. ನಮ್ಮ ದೇಶದಲ್ಲಿ ಓಡುವ ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳ ರೋಟರಿನಲ್ಲಿ ಶಾಶ್ವತ ಅಯಸ್ಕಾಂತಗಳನ್ನೇ ಹುದುಗಿಸಿರುತ್ತಾರೆ. ಅದು ಹಿಂದೆ ಬೀಳುವುದಿಲ್ಲ, ತಿರುಗುವ ಬಲಕ್ಕೆ ಸರಿಸಮ ಹೆಜ್ಜೆ ಹಾಕುತ್ತದೆ. ಅದರಿಂದ ಗಾತ್ರ ಚಿಕ್ಕದಾದರೂ ಬಲ ದೊಡ್ಡದು. 2020ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ನೆಕ್ಸಾನ್ ಇವಿಯ ಮೋಟರ್ 95 ಕಿಲೋವಾಟಿನದು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ 5 ಎಚ್‌ಪಿಯ ಸುಮಾರು 25 ಬೋರ್ ಮೋಟರುಗಳ ಶಕ್ತಿ ಒಂದು ಬಾನೆಟ್ಟಿನ ಕೆಳಗೆ.

ಹೊಲದ ಮೋಟರಿಗೆ ಬರುವ ಕರೆಂಟ್ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಅದನ್ನು ನಾವು ಹೆಚ್ಚು ಕಡಿಮೆ ಮಾಡಲಾರೆವು, ಆದ್ದರಿಂದ ಮೋಟರಿನ ವೇಗವೂ ಒಂದೇ. ಶುರುವಾಗುವ ಗಳಿಗೆಯಲ್ಲಿ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ದೊಡ್ಡ ಮೋಟರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕುವುದು ಅದಕ್ಕೇ. ಕಾರಿಗೆ ಈ ಕಟ್ಟು ಇಲ್ಲ. ಬ್ಯಾಟರಿಯಲ್ಲಿರುವುದು ಡಿಸಿ ಕರೆಂಟ್. ಇನ್ವರ್ಟರ್ ಎಂಬ ಪೆಟ್ಟಿಗೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸಿ ತ್ರೀ ಫೇಸ್ ಮಾಡುತ್ತದೆ, ಎಷ್ಟು ವೇಗದ ತ್ರೀ ಫೇಸ್ ಬೇಕೋ ಅಷ್ಟು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸೊನ್ನೆಯಿಂದ ನಯವಾಗಿ ಏರಿಸುತ್ತಾ ಹೋಗುತ್ತದೆ. ಪೂರ್ತಿ ಎಳೆತ ನಿಂತ ಜಾಗದಿಂದಲೇ ಸಿಗುವುದು, ಕ್ಲಚ್ಚು ಗೇರುಗಳ ಗೊಡವೆ ಇಲ್ಲದಿರುವುದು ಇದರ ಫಲ. ಕುಸುಮ್ ಯೋಜನೆಯ ಸೋಲಾರ್ ಪಂಪನ್ನು ಹತ್ತಿರದಿಂದ ನೋಡಿದವರು ಅದರ ಕಂಟ್ರೋಲರನ್ನು ನೆನಪಿಸಿಕೊಳ್ಳಿ. ಎಸಿ ಮೋಟರ್ ಇರುವ ಸೋಲಾರ್ ಪಂಪಿನಲ್ಲಿ ಫಲಕದ ಡಿಸಿಯನ್ನು ತ್ರೀ ಫೇಸ್ ಮಾಡಿ ಮೋಟರಿಗೆ ಕೊಡುವುದು ಅದೇ ಕೆಲಸ, ಅದೇ ವಿದ್ಯೆ.

ಒಂದು ಫೇಸ್ ಹೋಗಿ ಮೋಟರ್ ಸುಟ್ಟ ಕಥೆ ಪ್ರತಿ ಊರಲ್ಲಿದೆ. ವೋಲ್ಟೇಜ್ ಇಳಿದು ಸುಟ್ಟದ್ದೂ ಇದೆ. ಕಾರಿನ ಮೋಟರಿಗೆ ಹೊರಗಿನ ಲೈನ್ ನೇರವಾಗಿ ತಗಲುವುದೇ ಇಲ್ಲ. ಮೂರೂ ಫೇಸನ್ನು ಇನ್ವರ್ಟರೇ ತಯಾರಿಸಿ, ಪ್ರತಿ ಗಳಿಗೆ ಅಳೆದು ಕೊಡುತ್ತದೆ. ಬಿಸಿ ಏರಿದರೆ ಶಕ್ತಿ ಇಳಿಸುತ್ತದೆ, ತಪ್ಪು ಕಂಡರೆ ನಿಲ್ಲಿಸುತ್ತದೆ. ಹೊಲದ ಮೋಟರಿಗೆ ಬರುವ ಗಂಡಾಂತರಗಳಲ್ಲಿ ಮುಖ್ಯವಾದವು ಕಾರಿನ ಮೋಟರಿಗೆ ಬರುವುದಿಲ್ಲ.

ಮೋಟರನ್ನು ಹೊರಗಿನಿಂದ ತಿರುಗಿಸಿದರೆ ಅದು ಜನರೇಟರ್ ಆಗುತ್ತದೆ ಎಂಬುದು ಇದೇ ವಿದ್ಯೆಯ ಇನ್ನೊಂದು ಮುಖ. ಕಾರು ಇಳಿಜಾರಿನಲ್ಲಿ ಇಳಿಯುವಾಗ, ಅಥವಾ ಕಾಲು ತೆಗೆದಾಗ, ಚಕ್ರಗಳೇ ಮೋಟರನ್ನು ತಿರುಗಿಸುತ್ತವೆ. ಹುಟ್ಟಿದ ಕರೆಂಟ್ ಬ್ಯಾಟರಿಗೆ ಮರಳುತ್ತದೆ, ಕಾರಿನ ಓಟವೂ ತಗ್ಗುತ್ತದೆ. ಕೃಷ್ಣಾ ಸ್ಟೇಷನ್ನಿನ ಮೂಲಕ ಮುಂಬೈ–ಚೆನ್ನೈ ಮಾರ್ಗದಲ್ಲಿ ಗಾಡಿ ಎಳೆಯುವ ಡಬ್ಲ್ಯುಎಪಿ-7ರಂಥ ಎಂಜಿನ್ನುಗಳೂ ತ್ರೀ ಫೇಸ್ ಇಂಡಕ್ಷನ್ ಮೋಟರಿನವೇ, ಬ್ರೇಕ್ ಹಾಕಿದಾಗ ಮೇಲಿನ ತಂತಿಗೆ ಕರೆಂಟ್ ಮರಳಿಸುವವೇ. ಕಾರು ಓಡಿಸುವವರು ಒಂದು ಮಾತು ಗಮನದಲ್ಲಿಡಬೇಕು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಮರಳುವ ಕರೆಂಟಿಗೆ ಜಾಗವಿಲ್ಲ, ಹಾಗಾಗಿ ಮೊದಲ ಕೆಲವು ಕಿಲೋಮೀಟರ್ ಈ ಹಿಡಿತ ಕಡಿಮೆ ಇರುತ್ತದೆ. ಕಾಲು ಬ್ರೇಕ್ ಮೇಲೆ ಸಿದ್ಧವಿರಲಿ.

ಚಾರ್ಜಿಂಗ್: ಎರಡು ದಾರಿ

ಮನೆಗೆ ಬರುವುದು ಎಸಿ, ಬ್ಯಾಟರಿ ಒಪ್ಪುವುದು ಡಿಸಿ. ನಡುವೆ ಯಾರಾದರೂ ಬದಲಿಸಿ ಕೊಡಬೇಕು. ಆ ಕೆಲಸ ಕಾರಿನೊಳಗೇ ನಡೆದರೆ ನಿಧಾನದ ಚಾರ್ಜಿಂಗ್, ಹೊರಗಿನ ದೊಡ್ಡ ಯಂತ್ರದಲ್ಲಿ ನಡೆದರೆ ವೇಗದ ಚಾರ್ಜಿಂಗ್. ಮಿಕ್ಕ ವಿವರಗಳೆಲ್ಲ ಇದರಿಂದ ಹುಟ್ಟುತ್ತವೆ.

ಮನೆಯ 15 ಆಂಪಿಯರ್ ಪಾಯಿಂಟಿನಿಂದ ಕಾರಿಗೆ ಗಂಟೆಗೆ ಹೆಚ್ಚೆಂದರೆ ಮೂರು ಯುನಿಟ್ ಆಸುಪಾಸು ಹೋಗುತ್ತದೆ. ಟಿಯಾಗೊ ಇವಿಯ 24 ಯುನಿಟ್ ಬ್ಯಾಟರಿ ತಳದಿಂದ ತುಂಬಲು ಎಂಟು ಒಂಬತ್ತು ಗಂಟೆ ಬೇಕು, ಅಂದರೆ ಒಂದು ರಾತ್ರಿ. ಗೋಡೆಗೆ ಕೂರಿಸುವ 7.2 ಕಿಲೋವಾಟಿನ ಪೆಟ್ಟಿಗೆ ಇದ್ದು, ಕಾರಿನೊಳಗಿನ ಚಾರ್ಜರಿಗೂ ಅಷ್ಟು ತಾಕತ್ತಿದ್ದರೆ, ಅದೇ ಕೆಲಸ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಕಾರಿನೊಳಗಿನದು 3.3 ಕಿಲೋವಾಟಿನದ್ದಾದರೆ ಗೋಡೆಯ ಪೆಟ್ಟಿಗೆಗೆ ಎಷ್ಟು ಹಣ ಸುರಿದರೂ ವೇಗ ಹೆಚ್ಚುವುದಿಲ್ಲ. ಕೊಳ್ಳುವ ಮೊದಲು ಶೋರೂಮಿನಲ್ಲಿ ಇದನ್ನು ಕೇಳಿ ತಿಳಿಯಬೇಕು.

ಹೆದ್ದಾರಿಯ ಡಿಸಿ ಯಂತ್ರ ಬೇರೆ ಬಗೆ. ಅದರ ದಪ್ಪ ಗನ್ ಚುಚ್ಚಿದ ಕೂಡಲೇ ಕರೆಂಟ್ ಹರಿಯುವುದಿಲ್ಲ. ಯಂತ್ರವೂ ಕಾರೂ ಮೊದಲು ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ, ಸೋರಿಕೆ ಇದೆಯೇ ಎಂದು ಪರೀಕ್ಷಿಸುತ್ತವೆ, ಗನ್ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಕಾರು ತನಗೆಷ್ಟು ಬೇಕೆಂದು ಕೇಳುತ್ತದೆ, ಯಂತ್ರ ಅಷ್ಟನ್ನೇ ಕೊಡುತ್ತದೆ. 60 ಕಿಲೋವಾಟಿನ ಯಂತ್ರಕ್ಕೆ ಚುಚ್ಚಿದರೂ ಚಿಕ್ಕ ಕಾರು 25–30 ಕಿಲೋವಾಟಿಗಿಂತ ಹೆಚ್ಚು ತೆಗೆದುಕೊಳ್ಳದಿರುವುದು ಇದಕ್ಕೇ, ಯಂತ್ರ ಕೆಟ್ಟಿದೆ ಎಂದು ತಿಳಿಯಬೇಡಿ. ಶೇ. 10ರಿಂದ 80ಕ್ಕೆ ಸುಮಾರು ಒಂದು ಗಂಟೆ. ಎಂಬತ್ತರ ನಂತರ ವೇಗ ಕುಸಿಯುತ್ತದೆ. ಶೇಂಗಾ ಚೀಲ ತುಂಬುವಾಗ ಮೊದಲು ಬುಟ್ಟಿಗಟ್ಟಲೆ ಸುರಿದು, ಬಾಯಿ ಹತ್ತಿರ ಬಂದಾಗ ಕೈಯಿಂದ ತುಂಬುತ್ತೇವಲ್ಲ, ಹಾಗೆ. ಸೆಲ್ಲಿನ ವೋಲ್ಟೇಜ್ ತನ್ನ ಗಡಿ ಮುಟ್ಟುವ ಹೊತ್ತಿಗೆ ಕರೆಂಟನ್ನು ಇಳಿಸದಿದ್ದರೆ ಅದು ಹಾಳಾಗುತ್ತದೆ. ಆದ್ದರಿಂದ ಪ್ರಯಾಣದಲ್ಲಿ ಎಂಬತ್ತಕ್ಕೆ ಗನ್ ಕಿತ್ತು ಹೊರಡುವುದೇ ಜಾಣತನ. ಹಿಂದೆ ಕಾಯುವವರಿಗೂ ಉಪಕಾರ.

ಈಗಿನ ಕಾರುಗಳಿಗೆ ಬೇಕಾದ ಗನ್ ಸಿಸಿಎಸ್-2. ಹಳೆಯ ಕೆಲವು ಕೇಂದ್ರಗಳಲ್ಲಿ 15 ಕಿಲೋವಾಟಿನ ಭಾರತ್ ಡಿಸಿ-001 ಯಂತ್ರ ಮಾತ್ರ ಇರುತ್ತದೆ, ಅದರ ಗನ್ ಈಗಿನ ಕಾರಿಗೆ ಕೂರುವುದಿಲ್ಲ. ಆ್ಯಪಿನಲ್ಲಿ ಕೇಂದ್ರ ಕಂಡಿತೆಂದು ಹೊರಡದೆ ಯಾವ ಗನ್ ಎಂದು ನೋಡಿಕೊಳ್ಳಿ.

ಮನೆಯ ಪಾಯಿಂಟ್

ಕಾರಿನ ಜೊತೆ ಬರುವ ಕೇಬಲ್ಲಿನ ನಡುವೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ಗೋಡೆಯ ಅರ್ಥಿಂಗ್ ಸರಿಯಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹೊತ್ತಿಸಿ ಚಾರ್ಜ್ ಮಾಡಲು ನಿರಾಕರಿಸುತ್ತದೆ. ಹಳೆಯ ಕಲ್ಲಿನ ಮನೆಗಳಲ್ಲಿ, ಒಂದೊಂದೇ ಕೋಣೆ ಸೇರಿಸುತ್ತಾ ಬೆಳೆಸಿದ ಮನೆಗಳಲ್ಲಿ, ಮೂರು ತೂತಿನ ಪಾಯಿಂಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯೇ ಇರುವುದಿಲ್ಲ. ಹೊಸ ಕಾರು ತಂದು ನಿಲ್ಲಿಸಿದ ರಾತ್ರಿ ಕೆಂಪು ದೀಪ ಕಂಡು ಕಾರೇ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ. ಆಗ ಕೆಲವರು ಅರ್ಥಿಂಗ್ ತೂತನ್ನು ನ್ಯೂಟ್ರಲ್ಲಿಗೆ ಸೇರಿಸಿ ಪೆಟ್ಟಿಗೆಯನ್ನು ಒಪ್ಪಿಸುವ ಉಪಾಯ ಹೇಳಿಕೊಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಲು ಬಿಡಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ. ಬರಿಗಾಲಿನ ಮಗು ಬಾಗಿಲು ಮುಟ್ಟಿದರೆ ಸಾಕು.

ಸರಿಯಾದ ದಾರಿ ದುಬಾರಿಯದೂ ಅಲ್ಲ. ಕಾರು ನಿಲ್ಲುವ ಜಾಗಕ್ಕೆ ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಬೇಕು. 15 ಆಂಪಿಯರ್ ಪಾಯಿಂಟಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, 7.2 ಕಿಲೋವಾಟಿನ ಪೆಟ್ಟಿಗೆಗೆ 6 ಅಥವಾ ದೂರವಿದ್ದರೆ ಇನ್ನೂ ದಪ್ಪ. ಅದಕ್ಕೇ ಮೀಸಲಾದ ಎಂಸಿಬಿ, ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಬೀಳುವ ಆರ್‌ಸಿಸಿಬಿ. ಹೊಸ ಅರ್ಥಿಂಗ್ ಗುಂಡಿ ತೋಡಿಸಿ, ಅದರ ತಡೆ 5 ಓಮಿಗಿಂತ ಕಡಿಮೆ ಇದೆಯೆಂದು ಮೀಟರ್ ಹಾಕಿ ತೋರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಈ ಕಡೆಯ ಕಲ್ಲುನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಅರ್ಥಿಂಗ್ ಸೋಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವುದನ್ನು ಮನೆಯ ಕೆಲಸವಾಗಿಯೇ ಇಟ್ಟುಕೊಳ್ಳಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರು ಚಾರ್ಜ್ ಮಾಡುವ ಯೋಚನೆಯೇ ಬೇಡ. ಎಂಟು ಗಂಟೆ ಎಡೆಬಿಡದೆ ಅಷ್ಟು ಕರೆಂಟ್ ಹರಿದರೆ ಅದು ಕರಗುತ್ತದೆ.

ಇನ್ನು ಲೋಡ್. ಒಂದು ಎರಡು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಮೂರು ಕಿಲೋವಾಟಿನ ಕಾರು ಸೇರಿದರೆ ಕಚೇರಿಗೆ ಹೋಗಿ ಲೋಡ್ ಹೆಚ್ಚಿಸಿಕೊಳ್ಳಲೇಬೇಕು. ಸಂಜೆ ಊರೆಲ್ಲ ದೀಪ ಹಚ್ಚಿ ವೋಲ್ಟೇಜ್ ಇಳಿಯುವ ಹಳ್ಳಿಗಳಲ್ಲಿ ಕಾರಿನ ಚಾರ್ಜಿಂಗನ್ನು ರಾತ್ರಿ ಹತ್ತು ಹನ್ನೊಂದರ ನಂತರಕ್ಕೆ ಹೊಂದಿಸಿಡಿ. ವೋಲ್ಟೇಜ್ ತೀರಾ ಇಳಿದರೆ ಕಾರು ತಾನಾಗಿ ಚಾರ್ಜ್ ನಿಲ್ಲಿಸುತ್ತದೆ, ಬೆಳಿಗ್ಗೆ ಎದ್ದಾಗ ಬ್ಯಾಟರಿ ಅರ್ಧವೇ ಇರುತ್ತದೆ.

ಬೋರ್ ಲೈನಿನ ವಿಷಯ ಸ್ಪಷ್ಟವಾಗಿ ಹೇಳಬೇಕು. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ಗಂಟೆ ಉಚಿತ ಕರೆಂಟ್ ಘೋಷಣೆಯಾಯಿತು. ಹೊಲದ ಮನೆಯಲ್ಲಿ ಕಾರು ನಿಲ್ಲಿಸುವವರಿಗೆ ಅದೇ ಲೈನಿಗೆ ಚುಚ್ಚುವ ಆಸೆ ಬರುವುದು ಸಹಜ. ಆದರೆ ಆ ಕರೆಂಟ್ ಬೆಳೆಗೆಂದು ಕೊಟ್ಟದ್ದು. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದಂಡದ ಲೆಕ್ಕ ಬರುತ್ತದೆ. ಹೊಲದ ಮನೆಗೆ ಗೃಹಬಳಕೆಯ ಮೀಟರ್ ಪ್ರತ್ಯೇಕವಾಗಿ ಪಡೆಯಿರಿ.

ಗೃಹಜ್ಯೋತಿ ಪಡೆಯುವ ಮನೆಗಳೂ ಲೆಕ್ಕ ಹಾಕಬೇಕು, ಮುಖ್ಯವಾಗಿ ಇ-ಆಟೋ ಇಟ್ಟವರು. ತಿಂಗಳಿಗೆ 200 ಯುನಿಟ್ ದಾಟಿದರೆ ಉಚಿತದ ಸೌಲಭ್ಯ ಆ ತಿಂಗಳಿಗೆ ಹೋಗಿ ಪೂರ್ತಿ ಬಿಲ್ ಬರುತ್ತದೆ. ದಿನಕ್ಕೆ ಏಳು ಯುನಿಟ್ ತಿನ್ನುವ ಆಟೋ ಒಂದೇ 200 ಮುಟ್ಟಿಸುತ್ತದೆ. ಕಾರಿನ ಲೆಕ್ಕ ಇನ್ನೊಂದು. ಚಿಕ್ಕ ಕಾರು ಯುನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಚಾರ್ಜಿಂಗಿನಲ್ಲಿ ಸೋರುವ ನೂರಕ್ಕೆ ಹತ್ತು ಹದಿನೈದು ಭಾಗವನ್ನೂ ಸೇರಿಸಿದರೆ ತಿಂಗಳಿಗೆ ಸಾವಿರ ಕಿಲೋಮೀಟರಿಗೆ 160–180 ಯುನಿಟ್. ಅಷ್ಟು ಸೇರಿದಾಗ ಮನೆಯ ಬಿಲ್ ಮೇಲಿನ ಸ್ಲ್ಯಾಬಿಗೆ ಏರುತ್ತದೆ. ಹಾಗೆ ಏರಿಯೂ ಕಿಲೋಮೀಟರಿಗೆ ಒಂದೂವರೆ ರೂಪಾಯಿ ಆಸುಪಾಸಿನಲ್ಲಿ ನಿಲ್ಲುತ್ತದೆ, ನೂರು ದಾಟಿದ ಪೆಟ್ರೋಲಿನಲ್ಲಿ ಅದು ಆರು ಏಳು ರೂಪಾಯಿ. ಮಾಳಿಗೆ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸುವವರಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿಗೆ ಅದು ದಿನಕ್ಕೆ ಸುಮಾರು 12 ಯುನಿಟ್ ಕೊಡುತ್ತದೆ, ಅಂದರೆ ಎಪ್ಪತ್ತು ಎಂಬತ್ತು ಕಿಲೋಮೀಟರಿನ ಓಟ.

ದಾರಿ, ಬಿಸಿಲು

ಮಕ್ತಲದಿಂದ ರಾಯಚೂರಿಗೆ ಹೋಗಿ ಬರುವುದು ನೂರು ಕಿಲೋಮೀಟರಿನ ಸುತ್ತಿನದು. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ನೆಂಟರ ಮನೆ ಎಂದು ಈ ಸೀಮೆಯ ಹೆಚ್ಚಿನ ಓಡಾಟ ಇಷ್ಟರಲ್ಲೇ ಮುಗಿಯುತ್ತದೆ. ಯಾವ ಚಿಕ್ಕ ಎಲೆಕ್ಟ್ರಿಕ್ ಕಾರಿಗೂ ಇದು ಒಂದು ರಾತ್ರಿಯ ಚಾರ್ಜು. ಹೈದರಾಬಾದಿನ ಮಾತು ಬೇರೆ. ನಾರಾಯಣಪೇಟೆಯಿಂದ ಸುಮಾರು 165 ಕಿಲೋಮೀಟರ್, ಗದ್ವಾಲದಿಂದ ಅದಕ್ಕೂ ಹೆಚ್ಚು. ಕಂಪನಿ ಹೇಳುವ ದೂರವನ್ನು ನಂಬಿ ಹೊರಡಬಾರದು. ಬ್ಯಾಟರಿಯ ಯುನಿಟ್ಟನ್ನು ಆರರಿಂದ ಗುಣಿಸಿ, ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ. 30 ಯುನಿಟ್ಟಿನ ಕಾರಿಗೆ 144 ಕಿಲೋಮೀಟರ್ ಸಿಕ್ಕಿತು. ಆದ್ದರಿಂದ ನಡುವೆ ಒಂದು ನಿಲುಗಡೆ ಬೇಕೇ ಬೇಕು. ನಾರಾಯಣಪೇಟೆಯವರು ಮರಿಕಲ್ ಮೇಲೆ ಮಹಬೂಬ್‌ನಗರ, ಜಡ್ಚರ್ಲಾ ಹಿಡಿಯುತ್ತಾರೆ, ಗದ್ವಾಲದವರು ಎರ್ರವಲ್ಲಿ ಚೌರಸ್ತಾದಲ್ಲಿ 44ನೇ ಹೆದ್ದಾರಿ ಸೇರುತ್ತಾರೆ. ಹೈದರಾಬಾದ್–ಬೆಂಗಳೂರು ಹೆದ್ದಾರಿ ಸೇರುವವರೆಗೆ ದಾರಿಯ ಚಾರ್ಜರನ್ನು ನಂಬಿಕೊಳ್ಳದಂತೆ ಲೆಕ್ಕ ಹಾಕಿ, ಮನೆಯಿಂದ ತುಂಬಿಸಿಕೊಂಡೇ ಹೊರಡಿ. ನಿಲ್ಲಬೇಕೆಂದ ಕೇಂದ್ರ ಕೆಟ್ಟಿದ್ದರೆ ಮುಂದಿನದಕ್ಕೆ ಮುಟ್ಟುವಷ್ಟು ಚಾರ್ಜ್ ಉಳಿದಿರಬೇಕು. ವೇಗವೂ ಲೆಕ್ಕಕ್ಕಿದೆ. 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆ ಬ್ಯಾಟರಿಗೆ ಹಿತವಲ್ಲ. ನೀರಿನಿಂದ ತಂಪು ಮಾಡುವ ವ್ಯವಸ್ಥೆ ಇರುವ ಬ್ಯಾಟರಿಯನ್ನೇ ಆರಿಸಿ ಎಂದು ಈ ಜಿಲ್ಲೆಗಳವರಿಗೆ ಒತ್ತಿ ಹೇಳುತ್ತೇನೆ, ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಸೆಲ್ಲುಗಳಲ್ಲಿ ಎಲ್‌ಎಫ್‌ಪಿ ಬಗೆಯದು ಬಿಸಿಯನ್ನು ಹೆಚ್ಚು ತಾಳುತ್ತದೆ, ಬಾಳಿಕೆಯೂ ಹೆಚ್ಚು. ಮಧ್ಯಾಹ್ನ ಓಡಿಸಿ ತಂದ ಕಾರನ್ನು ಕೂಡಲೇ ಚುಚ್ಚದೆ ನೆರಳಲ್ಲಿ ಆರಲು ಬಿಡಿ. ಶೇ. 100 ತುಂಬಿಸಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ. ಡಿಸಿ ವೇಗದ ಚಾರ್ಜಿಂಗನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ, ನಿತ್ಯಕ್ಕೆ ಮನೆಯ ನಿಧಾನದ್ದೇ ಸರಿ. ಮಳೆಗೆ ಅಂಜಬೇಕಿಲ್ಲ. ಬ್ಯಾಟರಿ ಪೆಟ್ಟಿಗೆಗಳು ಸಾಮಾನ್ಯವಾಗಿ ಐಪಿ67 ದರ್ಜೆಯವು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷಿಸುವ ದರ್ಜೆ ಅದು. ಹಾಗೆಂದು ಹಳ್ಳ ಹರಿಯುವಾಗ ನುಗ್ಗಿಸಬಾರದು. ಮುಳುಗಿ ಎದ್ದ ಕಾರನ್ನು ಪರೀಕ್ಷೆ ಮಾಡಿಸದೆ ಚಾರ್ಜಿಗೆ ಹಾಕಲೂಬಾರದು.

ಶಕ್ತಿನಗರದ ಚಿಮಣಿಗಳನ್ನು ನದಿಯ ಈಚೆಯಿಂದ ನೋಡುವವರು, ಕರೆಂಟ್ ಬರುವುದು ಕಲ್ಲಿದ್ದಲಿನಿಂದಲೇ ಅಲ್ಲವೇ ಎಂದು ಕೇಳುತ್ತಾರೆ. ರಾಯಚೂರು ಶಾಖೋತ್ಪನ್ನ ಸ್ಥಾವರದ 1,720 ಮೆಗಾವಾಟ್ ಕಲ್ಲಿದ್ದಲಿನದೇ ಹೌದು. ಇತ್ತ ಜುರಾಲಾದಲ್ಲಿ ಕೃಷ್ಣೆಯ ನೀರಿನಿಂದ 234 ಮೆಗಾವಾಟಿನ ಮೇಲಿನ ಸ್ಥಾವರವೂ ಅದರ ಕೆಳಗೆ 240 ಮೆಗಾವಾಟಿನದೂ ಇವೆ, ಮೇಲಿನದರಲ್ಲಿ ಅರ್ಧ ಕರ್ನಾಟಕದ ಪಾಲು. ಎಲ್ಲ ಕರೆಂಟೂ ಒಂದೇ ಜಾಲಕ್ಕೆ ಸೇರುತ್ತದೆ. ಪೆಟ್ರೋಲ್ ಎಂಜಿನ್ ತಾನು ಸುಡುವುದರಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ, ಎಲೆಕ್ಟ್ರಿಕ್ ಮೋಟರ್ ತನಗೆ ಬಂದುದರಲ್ಲಿ ನೂರಕ್ಕೆ ತೊಂಬತ್ತನ್ನು. ಹೊಗೆ ಊರೊಳಗೆ ಬರುವುದಿಲ್ಲ. ಇಷ್ಟು ನನಗೆ ಸಾಕಾದ ಉತ್ತರ.

ತೆಲಂಗಾಣ ಸರ್ಕಾರ 2024ರ ನವೆಂಬರಿನ ಆದೇಶದಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ 2026ರ ಡಿಸೆಂಬರ್ 31ರವರೆಗೆ ಪೂರ್ತಿ ಮನ್ನಾ ಮಾಡಿದೆ. ರಿಯಾಯಿತಿ ಇಲ್ಲಿ ನೋಂದಣಿಯಾದ ವಾಹನಕ್ಕೆ. ರಾಯಚೂರಿನ ಶೋರೂಮು ಹತ್ತಿರವೆಂದು ಅಲ್ಲಿ ಕೊಳ್ಳುವವರು ನೋಂದಣಿ ಯಾವ ರಾಜ್ಯದಲ್ಲಿ ಆಗುತ್ತದೆಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು, ಸರ್ವಿಸ್ ಕೇಂದ್ರ ಯಾವ ಊರಲ್ಲಿದೆ ಎಂಬುದನ್ನೂ. ಮತ್ತು ಬುಕಿಂಗ್ ಹಣ ಕಟ್ಟುವ ಮೊದಲೇ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆಸಿ ಅರ್ಥಿಂಗ್ ಅಳತೆ ಮಾಡಿಸಿ, ರಾತ್ರಿಯ ವೋಲ್ಟೇಜ್ ನೋಡಿಸಿ, ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಕಾರು ಬರುವ ದಿನಕ್ಕೆ ಪಾಯಿಂಟ್ ಸಿದ್ಧವಾಗಿರಲಿ.